ಎಡದಂಡೆಯ ಒಂಬತ್ತು ನಾಯಿಗಳು

ಕುಸ್ತೋದಿಯೋ ಗ್ವಾತಿವಾ ಸಾಕಿದ್ದ ಒಂಬತ್ತು ನಾಯಿಗಳಲ್ಲಿ ಒಂದೂ ಬೊಗಳುತ್ತಿರಲಿಲ್ಲ. ಅವು ಕಬ್ಬಿಣದವು. ಯು ಆಕಾರಕ್ಕೆ ಬಾಗಿದ ಒಂದು ಬೋಲ್ಟು, ಅದರ ಎರಡು ಕಾಲುಗಳಿಗೆ ಕೂರುವ ಒಂದು ಜೀನು, ಮೇಲೆ ಎರಡು ನಟ್ಟು, ಇಷ್ಟೇ ಅದರ ಮೈ. ರಿಯೋ ನೆಗ್ರೋ ಹೊಳೆಯ ಕಮರಿಗೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗ ನಮ್ಮ ಎಡದಂಡೆಗೆ ಬಂದು, ಕಾಂಕ್ರೀಟಿನ ಗೂಟವನ್ನು ಒಂದು ಸುತ್ತು ಸುತ್ತಿ, ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಆ ಮಡಿಕೆಯ ಒಂದು ಪಾಲು ಹೊಳೆಯ ಆಚೆ ತನಕ ಭಾರ ಹೊರುತ್ತದೆ, ಅದು ದುಡಿಯುವ ಹಗ್ಗ. ಇನ್ನೊಂದು ಪಾಲು ಅದರ ಪಕ್ಕದಲ್ಲಿ ಸುಮ್ಮನೆ ಮಲಗಿರುತ್ತದೆ, ಅದು ಬಾಲ. ಎಲ್ಲ ಮನೆಗಳಲ್ಲೂ ಇರುವ ಏರ್ಪಾಡೇ ಇದು. ಈ ಎರಡನ್ನೂ ಜೊತೆಗೆ ಕಚ್ಚಿ ಹಿಡಿಯುವುದು ನಾಯಿಯ ಕೆಲಸ. ಕಚ್ಚಿದರೆ ಬಿಡುವುದಿಲ್ಲ ಎಂದು ನಮ್ಮ ಬೆಟ್ಟಗಳಲ್ಲಿ ಅದಕ್ಕೆ ನಾಯಿ ಎಂದೇ ಹೆಸರು.

ಹಗ್ಗದ ಮೇಲೆ ರಾಟೆ, ರಾಟೆಗೆ ತೂಗುಬಿಟ್ಟ ಕಬ್ಬಿಣದ ತೊಟ್ಟಿಲು, ಅದನ್ನು ಎಳೆಯಲು ಎರಡೂ ದಂಡೆಗೆ ಒಂದೊಂದು ಸಣ್ಣ ಹಗ್ಗ. ಅದರಲ್ಲಿ ಹುರುಳಿಕಾಯಿ ಮೂಟೆ, ಕೋಳಿ, ಹಂದಿಮರಿ, ಬಸುರಿ ಹೆಂಗಸರು, ಶವದ ಪೆಟ್ಟಿಗೆ ಎಲ್ಲವೂ ಆಚೀಚೆ ಹೋಗುತ್ತಿದ್ದವು. ತೊಟ್ಟಿಲು ಬೇಡವೆನ್ನುವವರು ಕಣಿವೆ ಇಳಿದು ಕೆಳಗಿನ ಸೇತುವೆ ದಾಟಿ ಮತ್ತೆ ಹತ್ತಬೇಕು. ಮೂರು ಗಂಟೆಯ ದಾರಿ. ಮೂವತ್ತೊಂದು ವರ್ಷದಲ್ಲಿ ಆ ಹಗ್ಗದಿಂದ ಒಂದು ಕೋಳಿಯೂ ಕೆಳಗೆ ಬಿದ್ದಿರಲಿಲ್ಲ. ಕುಸ್ತೋದಿಯೋಗೆ ಇದ್ದ ಆಸ್ತಿ ಎಂದರೆ ಈ ಹೆಸರೊಂದೇ. ಹೊಲ ಅರ್ಧ ಬಂಡೆ, ಹೆಂಡತಿ ತೀರಿಕೊಂಡು ಎಂಟು ವರ್ಷ, ಹಲ್ಲುಗಳೂ ಒಂದೊಂದಾಗಿ ಬಿಟ್ಟು ಹೋಗುತ್ತಿದ್ದವು.

ಪ್ರತಿ ಸೋಮವಾರ ಬೆಳಿಗ್ಗೆ ಬೆಲ್ಲದ ಬಿಸಿನೀರು ಕುಡಿದು, ಜೋಳದ ರೊಟ್ಟಿ ತಿಂದು, ಅವನು ಪಾನಾ ಹಿಡಿದು ಗೂಟದ ಬಳಿಗೆ ಹೋಗುತ್ತಿದ್ದ. ಹದಿನೆಂಟು ನಟ್ಟುಗಳನ್ನೂ ಒಂದೊಂದಾಗಿ ಬಿಗಿದು ನೋಡಿ, ಕೊನೆಗೆ ಪಾನಾದಿಂದ ಹಗ್ಗಕ್ಕೆ ಒಂದು ಏಟು ಹಾಕುತ್ತಿದ್ದ. ಆ ಸದ್ದು ಉಕ್ಕಿನೊಳಗೇ ಹೊಳೆ ದಾಟಿ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಒಂದು ಏಟು ಬರುತ್ತದೆ. ಒಂದು ಏಟೆಂದರೆ ಎಲ್ಲ ಸರಿಯಾಗಿದೆ ಎಂದು. ಎರಡೆಂದರೆ ತೊಟ್ಟಿಲು ಹೊರಟಿತು. ಮೂರೆಂದರೆ ನಿಲ್ಲಿಸಿ. ಬಲದಂಡೆಯಲ್ಲಿ ಏಟು ಹಾಕುವವಳು ಓತಿಲಿಯಾ ಬಾಕೆರೋ. ಅಲ್ಲಿಯ ಗೂಟವನ್ನು ಮೊದಲು ಅವಳ ಅಪ್ಪ ನೋಡಿಕೊಂಡ, ಆಮೇಲೆ ಅವಳ ಗಂಡ, ಇಬ್ಬರೂ ಹೋದ ಮೇಲೆ ಪಾನಾ ಅವಳ ಕೈಗೆ ಬಂತು. ಹೀಗೆ ಹದಿನೈದು ವರ್ಷ ಅವರಿಬ್ಬರೂ ವಾರಕ್ಕೆ ಒಂದು ಏಟಿನ ಲೆಕ್ಕದಲ್ಲಿ ಮಾತಾಡಿಕೊಂಡು ಬಂದಿದ್ದರು, ಮುಖ ನೋಡಿದ್ದು ಮಾತ್ರ ಒಮ್ಮೆಯೂ ಇಲ್ಲ.

ಬಲದಂಡೆಯಲ್ಲಿ ಇದ್ದದ್ದು ನಾಲ್ಕೇ ನಾಯಿ. ಮೇಲಾಗಿ ಓತಿಲಿಯಾಳ ಅಪ್ಪ ಮಿಕ್ಕ ಹಗ್ಗವನ್ನು ಕತ್ತರಿಸದೆ ಹತ್ತು ಮೀಟರಿನಷ್ಟು ಸುರುಳಿ ಸುತ್ತಿ, ಗ್ರೀಸು ಬಳಿದು, ಗೊಬ್ಬರದ ಚೀಲ ಹೊದಿಸಿ ಇಟ್ಟಿದ್ದ. ಎಡದಂಡೆಯ ನಾವು ನಾಯಿಗಳ ಆಚೆಗೆ ಉಳಿದ ಬಾಲವನ್ನು ಅಂದವಾಗಿ ಮೊಳದುದ್ದಕ್ಕೆ ಕತ್ತರಿಸಿ, ಬಲದಂಡೆಯ ಜಿಪುಣರನ್ನು ನೋಡಿ ಮೂವತ್ತೊಂದು ವರ್ಷ ನಕ್ಕಿದ್ದೆವು. ಐದನೆಯ ನಾಯಿ ಸಾಕಲಾಗದ ಬಡವರು ಎಂದು ಕರೆಯುವುದು ನಮ್ಮಲ್ಲಿ ಹಳೆಯ ತಮಾಷೆ.

ಇಷ್ಟೆಲ್ಲ ಕಾಯುತ್ತಿದ್ದ ಕುಸ್ತೋದಿಯೋ ಆ ತೊಟ್ಟಿಲಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ತಲೆ ಸುತ್ತುತ್ತದೆ ಎನ್ನುತ್ತಿದ್ದ. ಊರೂ ನಂಬಿತ್ತು.

ಉಕ್ಕಿನ ಹಗ್ಗ ಬರುವ ಮೊದಲು ಅಲ್ಲಿ ಕತ್ತಾಳೆ ನಾರಿನ ಹಗ್ಗವಿತ್ತು, ಎಡದಂಡೆಯ ತುದಿಯನ್ನು ನೋಡಿಕೊಳ್ಳುತ್ತಿದ್ದವನು ಕುಸ್ತೋದಿಯೋನ ಅಪ್ಪ ತಿಮೋತೆಯೋ. ಒಂದು ಭಾನುವಾರ ಬೆಳಿಗ್ಗೆ ಕುಸ್ತೋದಿಯೋನ ತಮ್ಮ ಬೆನೆದಿಕ್ತೋ ಹೊಸ ಅಂಗಿ ತೊಟ್ಟು, ಕಂಕುಳಲ್ಲಿ ಒಂದು ಕೋಳಿ ಹಿಡಿದು, ಬಲದಂಡೆಯ ಒಂದು ಮನೆಗೆ ಹೆಣ್ಣು ಕೇಳಲು ಹೊರಟ. ಬರಿಗೈಯಲ್ಲಿ ಯಾರ ಮನೆಗೂ ಹೋಗುವ ವಾಡಿಕೆ ನಮ್ಮಲ್ಲಿಲ್ಲ. ಆ ಹೆಣ್ಣು ಓತಿಲಿಯಾ. ಬೆನೆದಿಕ್ತೋ ನಡುಹೊಳೆಯವರೆಗೆ ಹೋದ, ಆಗ ಹಗ್ಗ ತುಂಡಾಗಿ ಕಮರಿಗೆ ಬಿದ್ದ. ಹುಡುಗ ಕುಡಿದಿದ್ದ, ಹಗ್ಗದ ಮೇಲೆ ಎದ್ದು ನಿಂತು ಕುಣಿದ, ಅದಕ್ಕೇ ಹೀಗಾಯಿತು ಎಂದು ತಿಮೋತೆಯೋ ಸಂಜೆ ಊರಿಗೆಲ್ಲ ಹೇಳಿದ. ಹಾಗೆ ಹೇಳುವ ಮೊದಲು ಅವನು ಮನೆಗೆ ಬಂದು, ತುಂಡಾದ ಹಗ್ಗದ ತುದಿಯನ್ನು ಒಲೆಗೆ ಹಾಕಿದ್ದ. ಆ ತುದಿ ಕಪ್ಪಗೆ ಕೊಳೆತು ಸೊಪ್ಪಿನಂತಾಗಿತ್ತು. ಒಲೆಯ ಪಕ್ಕ ಕೂತಿದ್ದ ಕುಸ್ತೋದಿಯೋ ಅದನ್ನು ನೋಡಿದ. ಆಗ ಅವನಿಗೆ ಇಪ್ಪತ್ತಾರು ವರ್ಷ. ಬಾಯಿಗೆ ಬೀಗ ಹಾಕಿಕೊಂಡವನು ಆಮೇಲೆ ತೆಗೆಯಲಿಲ್ಲ.

ಮರುವರ್ಷ ಉಕ್ಕಿನ ಹಗ್ಗ ಬಂದಾಗ ಎಡದಂಡೆಯ ಗೂಟ ತನಗೇ ಬೇಕೆಂದು ಅವನು ಹಟ ಹಿಡಿದ. ನಾಲ್ಕು ನಾಯಿ ಸಾಕು ಎಂದು ತಂದವರು ಹೇಳಿದರೂ ಕೇಳದೆ, ಇನ್ನೂ ಐದನ್ನು ಪಟ್ಟಣದಿಂದ ಬೆನ್ನಮೇಲೆ ಹೊತ್ತು ತಂದ. ಪೆಟ್ಟಿಗೆಯಲ್ಲಿ ನಾಯಿಗಳ ಜೊತೆ ಒಂದು ಕಾಗದ ಇತ್ತು. ಕುಸ್ತೋದಿಯೋಗೆ ಸಹಿ ಬಿಟ್ಟರೆ ಬೇರೆ ಅಕ್ಷರ ಬರುತ್ತಿರಲಿಲ್ಲ, ಆದರೆ ಕಾಗದದಲ್ಲಿ ಎರಡು ಚಿತ್ರಗಳಿದ್ದವು. ಮೇಲಿನದರಲ್ಲಿ ಎಲ್ಲ ನಾಯಿಗಳೂ ಒಂದೇ ಕಡೆ ಮುಖ ಮಾಡಿದ್ದವು. ಕೆಳಗಿನದರಲ್ಲಿ ಒಂದು ಈ ಕಡೆಗೆ, ಒಂದು ಆ ಕಡೆಗೆ, ಬಡವರ ಮನೆಯ ಒಂದೇ ಮಂಚದಲ್ಲಿ ಅಣ್ಣತಮ್ಮಂದಿರು ತಲೆಕಾಲು ಮಾಡಿ ಮಲಗುವ ಹಾಗೆ. ಈ ಕೆಳಗಿನ ಚಿತ್ರದ ಮೇಲೆ ದಪ್ಪಗೆ, ಎರಡು ಗೆರೆ ಒಂದನ್ನೊಂದು ಕತ್ತರಿಸುವ ಒಂದು ಅಡ್ಡಗೀಟು ಎಳೆದಿದ್ದರು.

ಆ ವರ್ಷವೇ ನಮ್ಮ ದೇಶದಲ್ಲಿ ಎಲ್ಲ ಅಭ್ಯರ್ಥಿಗಳ ಚಿತ್ರವಿರುವ ದೊಡ್ಡ ಮತಪತ್ರ ಬಂದಿತ್ತು. ಅಧಿಕಾರಿಗಳು ಮೂರು ಭಾನುವಾರ ಚರ್ಚಿನ ಮುಂದೆ ನಿಂತು, ಯಾವ ಚಿತ್ರ ಬೇಕೋ ಅದರ ಮೇಲೆ ಅಡ್ಡಗೀಟು ಹಾಕಬೇಕು ಎಂದು ಕಲಿಸಿ ಹೋಗಿದ್ದರು. ಕುಸ್ತೋದಿಯೋ ಅದನ್ನು ಚೆನ್ನಾಗಿ ಕಲಿತಿದ್ದ. ಹಣೆಗೆ, ರೊಟ್ಟಿಯ ಹಿಟ್ಟಿಗೆ, ಗೋರಿಗೆ, ಈಗ ಸರಕಾರಕ್ಕೆ, ಒಳ್ಳೆಯದಕ್ಕೆಲ್ಲ ಶಿಲುಬೆಯ ಹಾಗೆ ಎರಡು ಗೆರೆ ಒಂದಕ್ಕೊಂದು ಅಡ್ಡ ಬೀಳುವುದೇ ವಾಡಿಕೆ. ಇದನ್ನೇ ಆರಿಸಿದ್ದಾರೆ ಎಂದುಕೊಂಡು ಅವನು ಒಂಬತ್ತನ್ನೂ ಒಂದು ಈ ಕಡೆ, ಒಂದು ಆ ಕಡೆ ಮಾಡಿ ಕೂರಿಸಿದ. ಕಾಗದಕ್ಕೆ ಕಟ್ಟು ಹಾಕಿಸಿ, ಗೋಡೆಯ ಮೇಲೆ ಕಾರ್ಮೆನ್ ಮಾತೆಯ ಪಟದ ಪಕ್ಕ ತೂಗುಹಾಕಿದ. ಅದೇ ಕಾಗದ ಬಲದಂಡೆಗೂ ಹೋಗಿತ್ತು. ಓತಿಲಿಯಾಳ ಅಪ್ಪ ಹುಟ್ಟಿದ ಮೇಲೆ ಒಮ್ಮೆಯೂ ವೋಟು ಹಾಕಿದವನಲ್ಲ, ಆದರೆ ಎರಡು ವರ್ಷ ಶಾಲೆಗೆ ಹೋಗಿದ್ದ, ಅಡ್ಡಗೀಟು ಏನೆಂದು ಅವನ ಲೆಕ್ಕದ ಪುಸ್ತಕದಲ್ಲೇ ಬೇಕಾದಷ್ಟು ನೋಡಿದ್ದ.

ಮೂವತ್ತೊಂದು ವರ್ಷ ಕಳೆದ ಮೇಲೆ, ಒಂದು ಗುರುವಾರ ಮಧ್ಯಾಹ್ನ, ವಿದ್ಯುತ್ ಕಂಬಗಳ ತಂತಿ ಎಳೆಯುವ ತಂಡದ ಒಬ್ಬ ಲೈನ್‌ಮನ್ ಬುತ್ತಿ ಬಿಚ್ಚಲು ನೆರಳು ಹುಡುಕುತ್ತ ಕುಸ್ತೋದಿಯೋನ ಗೂಟದ ಬಳಿ ಬಂದ. ಫಾಬಿಯಾನ್ ಎಂದು ಅವನ ಹೆಸರು, ನಲವತ್ತರ ಆಸುಪಾಸು, ಅಂಗೈಯೆಲ್ಲ ತಂತಿ ಕಚ್ಚಿದ ಗಾಯ. ಅನ್ನ ಅರ್ಧ ತಿಂದವನು ನಾಯಿಗಳನ್ನು ನೋಡಿ ಬುತ್ತಿ ಮುಚ್ಚಿಟ್ಟ. ಇದನ್ನು ಕಟ್ಟಿದವರು ಯಾರು ಎಂದು ಕೇಳಿದ. ಕುಸ್ತೋದಿಯೋನ ಮುಖ ಇಷ್ಟಗಲವಾಯಿತು. ನಾನೇ ಎಂದು ಹೇಳಿ, ಹೊಗಳಿಕೆ ಇನ್ನೂ ಚೆನ್ನಾಗಿ ಬರಲಿ ಎಂದು ಒಳಗೆ ಹೋಗಿ ಕಟ್ಟು ಹಾಕಿದ ಕಾಗದವನ್ನೂ ತಂದ.

ಫಾಬಿಯಾನ್ ಅದನ್ನು ಎರಡು ಸಲ ಓದಿದ.

“ದೋನ್ ಕುಸ್ತೋದಿಯೋ, ಕೆಳಗಿನ ಚಿತ್ರದ ಅಡಿ ಏನು ಬರೆದಿದೆ ಗೊತ್ತಾ?”

“ಓದಕ್ಕೆ ಬರಲ್ಲ. ಆದ್ರೆ ಗೀಟು ಹಾಕಿದಾರಲ್ಲ.”

“‘ಹೀಗೆ ಎಂದೂ ಕಟ್ಟಬಾರದು’ ಅಂತ ಬರೆದಿದೆ.”

ಕುಸ್ತೋದಿಯೋ ಕಾಗದ ಇಸಕೊಂಡು ನೋಡಿದ. ಅಕ್ಷರಗಳು ಮೂವತ್ತೊಂದು ವರ್ಷದಿಂದ ಇದ್ದಲ್ಲೇ ಇದ್ದವು.

ಫಾಬಿಯಾನ್ ನಿಧಾನವಾಗಿ ಬಿಡಿಸಿ ಹೇಳಿದ. ಜೀನಿನಲ್ಲಿ ಹಗ್ಗದ ಹುರಿಗೆ ಹೊಂದುವ ತೋಡುಗಳಿವೆ, ಅದು ಅಗಲವಾಗಿ ಹಿಡಿಯುತ್ತದೆ, ನೋಯಿಸುವುದಿಲ್ಲ. ಆದ್ದರಿಂದ ಜೀನು ಯಾವಾಗಲೂ ದುಡಿಯುವ ಹಗ್ಗದ ಮೇಲೆ ಕೂರಬೇಕು. ಬಾಗಿದ ಬೋಲ್ಟು ಒಂದೇ ಜಾಗದಲ್ಲಿ ಒತ್ತಿ ತಂತಿಗಳನ್ನು ಜಜ್ಜುತ್ತದೆ, ಅದು ಬಾಲದ ಮೇಲೆ ಬಿದ್ದರೆ ನಷ್ಟವಿಲ್ಲ. ಇಲ್ಲಿ ಒಂಬತ್ತರಲ್ಲಿ ಐದು ಸರಿ, ನಾಲ್ಕು ತಿರುಗುಮುರುಗು. ನೀವು ವಾರವಾರ ಬಿಗಿದಷ್ಟೂ ಆ ನಾಲ್ಕು ಕಡೆ ಹಗ್ಗ ಒಳಗೊಳಗೇ ಸಾಯುತ್ತ ಬಂದಿದೆ ಎಂದ. ಇಬ್ಬರೂ ಸೇರಿ ತಿರುಗಿದ ನಾಯಿಯೊಂದನ್ನು ಬಿಚ್ಚಿ ನೋಡಿದರು. ಅಡಿಯಲ್ಲಿ ಹಗ್ಗ ಚಪ್ಪಟೆಯಾಗಿತ್ತು. ಆರು ಹುರಿಗಳಲ್ಲಿ ಎರಡು ಜಜ್ಜಿ ಹೋಗಿ, ಹನ್ನೊಂದು ತಂತಿಗಳು ಮುರಿದು ಮುಳ್ಳಿನಂತೆ ಎದ್ದಿದ್ದವು. ಕುಸ್ತೋದಿಯೋ ಬೆರಳಿಟ್ಟು ನೋಡಿದ, ಚುಚ್ಚಿತು.

ಆಗಲೇ ಆ ಕಡೆಯಿಂದ ಎರಡು ಏಟು ಬಂದವು. ತೊಟ್ಟಿಲು ಹೊರಡುತ್ತಿತ್ತು. ಅದು ಶಾಲೆ ಬಿಡುವ ಹೊತ್ತು, ತೊಟ್ಟಿಲಲ್ಲಿರುವವಳು ಅವನ ಮಗಳು ನುಬಿಯಾ. ಅವಳು ಬಲದಂಡೆಯ ಶಾಲೆಯ ಟೀಚರು, ದಿನಕ್ಕೆ ಎರಡು ಸಲ ಆ ಹಗ್ಗದ ಮೇಲೆ ಹೋಗಿಬರುವವಳು. ಕುಸ್ತೋದಿಯೋ ಪಾನಾ ಎತ್ತಿ ಮೂರು ಏಟು ಹಾಕಿದ. ಸಾಲದೆಂದು ಮತ್ತೆ ಮೂರು ಹಾಕಿದ. ತೊಟ್ಟಿಲು ಆಚೆ ದಂಡೆ ಬಿಟ್ಟು ಎರಡು ಮಾರು ಬಂದಿದ್ದು ಹಿಂದಕ್ಕೆ ಹೋಯಿತು.

ನುಬಿಯಾ ಮೂರು ಗಂಟೆ ನಡೆದು ಮನೆಗೆ ಬಂದಾಗ ಶೂಗಳಿಗಿಂತ ಮುಖ ಹೆಚ್ಚು ಕೆಟ್ಟಿತ್ತು. ಏನಾಯಿತೆಂದು ಕೇಳಿದಳು. ಎಣ್ಣೆ ಹಾಕುತ್ತಿದ್ದೇನೆ ಎಂದ. ಎಷ್ಟು ದಿನ ಎಂದು ಕೇಳಿದಳು. ಬಹಳ ಎಣ್ಣೆ ಕುಡಿಯುತ್ತಿದೆ ಎಂದ. ಗೋಡೆಯ ಮೇಲಿನ ಕಾಗದ ಎಲ್ಲಿ ಹೋಯಿತೆಂದು ಅವಳು ಕೇಳಲಿಲ್ಲ. ನಮ್ಮ ಊರಲ್ಲಿ ಓದು ಬಲ್ಲವರಿಗೆ ಬರವಿರಲಿಲ್ಲ, ಆದರೆ ಗೋಡೆಯ ಮೇಲೆ ಕಟ್ಟು ಹಾಕಿ ತೂಗುಹಾಕಿದ್ದನ್ನು ಯಾರೂ ಓದುವುದಿಲ್ಲ, ಎದುರಿಗೆ ಶಿಲುಬೆ ಗುರುತು ಮಾಡಿಕೊಂಡು ಹೋಗುತ್ತಾರೆ.

ಫಾಬಿಯಾನ್ ಹೋಗುವ ಮುಂಚೆ ಎರಡು ಮಾತು ಹೇಳಿದ್ದ. ಮೊದಲನೆಯದು, ಜಜ್ಜಿದ ಭಾಗವನ್ನು ದುಡಿಯುವ ಕಡೆಯಿಂದ ತೆಗೆಯಬೇಕು. ಅದಕ್ಕೆ ಬಲದಂಡೆಯವರು ಎರಡು ಮೀಟರ್ ಹಗ್ಗ ಸಡಿಲ ಬಿಡಬೇಕು, ಇಲ್ಲಿ ಅಷ್ಟನ್ನು ಎಳೆದುಕೊಂಡು, ಕೆಟ್ಟಿದ್ದನ್ನು ಬಾಲಕ್ಕೆ ತಂದು ಕತ್ತರಿಸಿ, ಹೊಸದಾಗಿ ನಾಯಿ ಹಾಕಬೇಕು. ಶನಿವಾರ ತನಗೆ ರಜೆ, ಎರಡು ಕಪ್ಪೆ ತರುತ್ತೇನೆ ಎಂದ. ಕಪ್ಪೆ ಎಂದರೆ ಎಳೆಯುವಾಗ ಹಗ್ಗ ಹಿಡಿಯುವ ಉಕ್ಕಿನ ದವಡೆ, ಎಳೆದಷ್ಟೂ ಬಿಗಿಯಾಗಿ ಕಚ್ಚುತ್ತದೆ. ಎರಡನೆಯ ಮಾತನ್ನು ಅವನು ಆಚೀಚೆ ನೋಡಿ ಹೇಳಿದ.

“ತುಕ್ಕು ಹಿಡಿದಿತ್ತು ಅನ್ನಿ, ಸಾಕು. ನಾನಂತೂ ಬಾಯಿ ಬಿಡಲ್ಲ. ಹಳೆ ತುಂಡನ್ನ ಹೊಳೆಗೆ ಹಾಕಿದ್ರೆ ಯಾರು ನೋಡ್ತಾರೆ?”

ಶುಕ್ರವಾರ ಇಡೀ ದಿನ ಈ ಮಾತು ಕುಸ್ತೋದಿಯೋನ ತಲೆಯಲ್ಲಿ ಕೂತಿತ್ತು. ಒಳ್ಳೆಯ ಮಾತೇ. ತುಕ್ಕು ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಅವನು ಖಾಲಿ ತೊಟ್ಟಿಲನ್ನು ಈ ದಂಡೆಗೆ ಎಳೆದುಕೊಂಡು, ಸರಪಳಿ ಸುತ್ತಿ ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಂಡಿದ್ದ. ಬಂದವರೆಲ್ಲ ಬೈದು ಹೋದರು. ನಮ್ಮ ದಂಡೆಯ ಮಕ್ಕಳು ಶಾಲೆಯಿಲ್ಲವೆಂದು ಅವನಿಗೆ ಒಂದು ಗೊನೆ ಬಾಳೆಹಣ್ಣು ತಂದುಕೊಟ್ಟರು. ಸಂಜೆ ಒಲೆಯ ಮುಂದೆ ಕೂತಾಗ ಅವನಿಗೆ ಬೆಂಕಿಯೊಳಗೆ ಕತ್ತಾಳೆ ಹಗ್ಗದ ತುದಿ ಕಂಡಂತಾಯಿತು. ಒಲೆಯಲ್ಲಿ ಇದ್ದದ್ದು ಸೌದೆಯೇ. ಅವನು ಹೆದರಿದ, ಅಪ್ಪನ ಜಾಗದಲ್ಲಿ ತಾನೇ ಕೂತಿದ್ದೇನೆಂದು ತಿಳಿದು ಇನ್ನೂ ಹೆದರಿದ.

ಶನಿವಾರ ಬೆಳಿಗ್ಗೆ ಲಾರಿ ಬಂತು. ಅದರಲ್ಲಿ ಒಂದು ದೊಡ್ಡ ಫ್ರೀಜರ್ ಇತ್ತು. ಬಲದಂಡೆಯ ಅಂಗಡಿಕಾರ ದೋನ್ ಪ್ಲಾಸಿದೋ ಅದನ್ನು ತರುತ್ತೇನೆಂದು ಒಂದು ವರ್ಷದಿಂದ ಹೇಳುತ್ತಿದ್ದ. ಬಲದಂಡೆಯಲ್ಲಿ ಅಲ್ಲಿಯವರೆಗೆ ಯಾರೂ ತಣ್ಣನೆಯ ಬಿಯರು ಕುಡಿದಿರಲಿಲ್ಲ. ಅದನ್ನು ಕೂಡಿ ಬರಮಾಡಿಕೊಳ್ಳಲು ಆ ದಂಡೆಯಲ್ಲಿ ಅವರು, ಈ ದಂಡೆಯಲ್ಲಿ ನಾವು, ಮದುವೆಗೆ ಸೇರುವ ಹಾಗೆ ಸೇರಿದ್ದೆವು. ಆ ಹಗ್ಗದ ಮೇಲೆ ಹೋಗಬೇಕಾದ ಎಲ್ಲಕ್ಕಿಂತ ಹೆಚ್ಚಿನ ಭಾರ ಅದು. ಪ್ಲಾಸಿದೋ ನುಬಿಯಾಳಿಗೆ ದೀಕ್ಷಾಸ್ನಾನದ ದಿನ ಧರ್ಮಪಿತನಾಗಿ ನಿಂತವನು, ಆದ್ದರಿಂದ ಅವನೂ ಕುಸ್ತೋದಿಯೋನೂ ಒಬ್ಬರಿಗೊಬ್ಬರು ಕೊಂಪಾದ್ರೆ ಎಂದೇ ಕರೆದುಕೊಳ್ಳುವುದು.

“ಕೊಂಪಾದ್ರೆ, ಬೀಗ ತೆಗೀರಿ,” ಎಂದ ಪ್ಲಾಸಿದೋ. “ಇದನ್ನ ನೋಡೋಕೆ ಅಂತ ನಮ್ಮತ್ತೆ ಹಾಸಿಗೆಯಿಂದ ಎದ್ದು ಕೂತಿದಾರೆ.”

ಕಪ್ಪೆ ಹಿಡಿದು ಬಂದಿದ್ದ ಫಾಬಿಯಾನ್ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದ. ತುಕ್ಕು ಎಂಬ ಮಾತು ಕುಸ್ತೋದಿಯೋನ ನಾಲಗೆಯ ತುದಿಗೆ ಬಂದಿತ್ತು. ಅವನು ಟೋಪಿ ತೆಗೆದ. ನಮ್ಮಲ್ಲಿ ಟೋಪಿ ತೆಗೆಯುವುದು ಚರ್ಚಿನಲ್ಲಿ ಮತ್ತು ಶವದ ಮುಂದೆ.

“ತೆಗೆಯಲ್ಲ,” ಎಂದ. “ನಾಯಿಗಳನ್ನ ನಾನು ತಪ್ಪಾಗಿ ಕಟ್ಟಿದೀನಿ. ಮೊದಲನೇ ದಿನದಿಂದ್ಲೂ ತಪ್ಪೇ. ತುಕ್ಕಲ್ಲ, ಮಳೆಯಲ್ಲ, ನಾನು.”

ಆಮೇಲೆ ಕಾಗದ ತೋರಿಸಿದ, ಗೀಟು ತೋರಿಸಿದ, ಜಜ್ಜಿದ ಹಗ್ಗ ತೋರಿಸಿದ. ಜನ ಒಬ್ಬೊಬ್ಬರಾಗಿ ಬಂದು ಮುರಿದ ತಂತಿಗಳಿಗೆ ಬೆರಳಿಟ್ಟು ನೋಡಿ, ಚುಚ್ಚಿಸಿಕೊಂಡು, ಹಿಂದೆ ಸರಿದು ನಿಂತರು. ಎಲ್ಲರೂ ತಾವು ಎಷ್ಟು ಸಲ ದಾಟಿದ್ದೇವೆಂದು ಮನಸ್ಸಿನಲ್ಲೇ ನೆನೆಯುತ್ತಿದ್ದರೆಂದು ಕಾಣುತ್ತದೆ. ಹುರುಳಿಕಾಯಿ ಬೆಳೆಯುವ ದೊನ್ಯಾ ಬೆಲಾರ್ಮಿನಾ ತನ್ನ ಐದು ಹೆರಿಗೆಗೂ ಅದರ ಮೇಲೇ ಹೋಗಿದ್ದಾಗಿ ಹೇಳಿದಳು. ಒಬ್ಬನ ಅಜ್ಜಿಯ ಶವದ ಪೆಟ್ಟಿಗೆ ಅದರ ಮೇಲೇ ಬಂದಿತ್ತು, ಅಜ್ಜಿಗೆ ಏನಾದರೂ ಆಗಿದ್ದರೆ ಎಂದು ಅವನು ಈಗ ಬೆವೆತ. ನುಬಿಯಾ ಅಪ್ಪನ ಮುಖ ನೋಡುತ್ತ ನಿಂತಿದ್ದಳು.

ಇಷ್ಟು ದಿನ ಹೇಗೆ ನಿಂತಿತ್ತು ಹಾಗಾದರೆ ಎಂದು ಪ್ಲಾಸಿದೋ ಕೇಳಿದ. ನಾಲ್ಕು ಹಾಕಬೇಕಾದ ಕಡೆ ಒಂಬತ್ತು ಹಾಕಿದ್ದರು, ಅದರಲ್ಲಿ ಐದು ಸರಿಯಾಗಿದ್ದವು, ಅದಕ್ಕೆ ನಿಂತಿತ್ತು ಎಂದು ಫಾಬಿಯಾನ್ ಹೇಳಿದ. ಅದು ಕೇಳಿ ಜನರಿಗೆ ಜೀವ ಬಂತು.

“ಹಾಗಿದ್ರೆ ಹಾಗೇ ಬಿಡಿ, ದೋನ್ ಕುಸ್ತೋದಿಯೋ,” ಎಂದಳು ಬೆಲಾರ್ಮಿನಾ. “ನಿಮ್ಮ ತಪ್ಪು ನಮಗೆ ಅಭ್ಯಾಸ ಆಗಿದೆ. ಸರಿ ಮಾಡೋಕೆ ಹೋಗಿ ಏನಾದ್ರೂ ಆದ್ರೆ?”

ಹೌದು ಹೌದು ಎಂದು ಹಲವರು ತಲೆಯಾಡಿಸಿದರು. ಕುಸ್ತೋದಿಯೋ ಜೇಬಿನಿಂದ ಕೀಲಿ ತೆಗೆದ. ಬೀಗಕ್ಕೆ ಹಾಕುತ್ತಾನೆಂದು ಎಲ್ಲರೂ ನೋಡುತ್ತಿದ್ದರು. ಅವನು ಅದನ್ನು ಫಾಬಿಯಾನ್‌ನ ಕೈಗೆ ಕೊಟ್ಟು, ಹಗ್ಗ ಸರಿಯಾಗುವ ತನಕ ನನಗೂ ಕೊಡಬೇಡ ಎಂದ.

ಬಲದಂಡೆಗೆ ಹೇಳಬೇಕಿತ್ತು. ನುಬಿಯಾ ಫೋನು ತೆಗೆದು ಓತಿಲಿಯಾಳಿಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಹಿಡಿದಳು. ಕುಸ್ತೋದಿಯೋ ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಎಲ್ಲವನ್ನೂ ಹೇಳಿದ.

“ಎಷ್ಟು ಮೀಟರ್ ಬೇಕು?” ಎಂದಳು ಓತಿಲಿಯಾ.

“ಎರಡು.”

“ಮೂರು ಬಿಡ್ತೀನಿ. ನಿಮ್ಮ ಕಡೆ ಬಾಲ ಗಿಡ್ಡ ಅಂತ ಎಲ್ಲರಿಗೂ ಗೊತ್ತು.”

ಎಡದಂಡೆಯ ನಾವು ಅದನ್ನು ನುಂಗಿಕೊಂಡೆವು. ಬೇರೆ ದಾರಿಯಿರಲಿಲ್ಲ.

ಫಾಬಿಯಾನ್‌ನ ಜೊತೆಗಾರನೊಬ್ಬ ಎರಡನೆಯ ಕಪ್ಪೆ ಹೊತ್ತು ಮುಂಜಾನೆಯೇ ಸುತ್ತುದಾರಿಯಲ್ಲಿ ಬಲದಂಡೆಗೆ ಹೋಗಿದ್ದ. ಎರಡೂ ಕಡೆ ಕಪ್ಪೆಗಳು ಹಗ್ಗವನ್ನು ಕಚ್ಚಿದವು, ಭಾರ ಎಳೆಯುವ ಕೈ ವಿಂಚುಗಳ ಸರಪಳಿ ಬಿಗಿಯಾಯಿತು, ಗೂಟದ ಮೇಲಿನ ಭಾರ ಕಪ್ಪೆಗಳ ಮೇಲೆ ಬಂತು. ಹದಿನೆಂಟು ನಟ್ಟುಗಳನ್ನು ಕುಸ್ತೋದಿಯೋ ತಾನೇ ಬಿಚ್ಚಿದ, ಬೇರೆಯವರಿಗೆ ಬಿಡಲಿಲ್ಲ. ಎರಡು ಏಟೆಂದರೆ ಬಿಡಿ, ಮೂರೆಂದರೆ ನಿಲ್ಲಿಸಿ. ಓತಿಲಿಯಾ ಒಂದು ಗೇಣು ಬಿಟ್ಟರೆ ಇಲ್ಲಿ ಒಂದು ಗೇಣು ಎಳೆದರು. ಹೀಗೆ ಗೇಣುಗೇಣಾಗಿ ನಾಲ್ಕು ಗಂಟೆ ನಡೆಯಿತು. ಜಜ್ಜಿದ ನಾಲ್ಕು ಜಾಗ ಒಂದರ ಹಿಂದೆ ಒಂದು ಗೂಟ ಸುತ್ತಿ ಬಾಲದ ಕಡೆಗೆ ಬಂದವು. ಫಾಬಿಯಾನ್ ಅದನ್ನು ಕತ್ತರಿಸಿದ. ಹೊಳೆಗೆ ಹಾಕೋಣವೇ ಎಂಬಂತೆ ಮುಖ ನೋಡಿದ. ಕುಸ್ತೋದಿಯೋ ಆ ತುಂಡನ್ನು ಮೊಳೆ ಹೊಡೆದು ಗೂಟದ ಮೇಲಿನ ಚಪ್ಪರದ ಕಂಬಕ್ಕೆ ತೂಗುಹಾಕಿದ, ಬರುವವರು ಹೋಗುವವರು ನೋಡಲಿ ಎಂದು. ಅದು ಈಗಲೂ ಅಲ್ಲೇ ಇದೆ. ಆಮೇಲೆ ಒಂಬತ್ತೂ ನಾಯಿಗಳನ್ನು ಒಂದೇ ಕಡೆ ಮುಖ ಮಾಡಿ ಕೂರಿಸಿದ. ನಾಲ್ಕು ಸಾಕು ಎಂದು ಫಾಬಿಯಾನ್ ಹೇಳಿದ. ಅದೊಂದರಲ್ಲಿ ಮಾತ್ರ ಕುಸ್ತೋದಿಯೋ ಯಾರ ಮಾತನ್ನೂ ಕೇಳಲಿಲ್ಲ.

ಫಾಬಿಯಾನ್ ಬೀಗ ತೆಗೆದ ಮೇಲೆ ಮೊದಲು ತೊಟ್ಟಿಲಲ್ಲಿ ನಾಲ್ಕು ಆಳಿನ ತೂಕದ ಮರಳಿನ ಮೂಟೆಗಳನ್ನು ಕಳಿಸಿದರು. ಮೂಟೆಗಳು ಸುಖವಾಗಿ ಹೋಗಿ ಸುಖವಾಗಿ ಬಂದವು. ಆದರೂ ಯಾರೂ ಹತ್ತಲಿಲ್ಲ. ಮೂಟೆಗಳಿಗೆ ಹೆಂಡತಿ ಮಕ್ಕಳಿಲ್ಲವಲ್ಲ ಎಂದರು. ಮೂವತ್ತೊಂದು ವರ್ಷ ತಪ್ಪು ಕಟ್ಟಿದ ಹಗ್ಗದ ಮೇಲೆ ಹಾಡಿಕೊಂಡು ದಾಟಿದವರು ಈಗ ಸರಿ ಕಟ್ಟಿದ್ದರ ಮುಂದೆ ನಿಂತು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದರು. ಫ್ರೀಜರನ್ನೇ ಮೊದಲು ಕಳಿಸೋಣ ಎಂದು ಯಾರೋ ಹೇಳಿದ್ದಕ್ಕೆ ಪ್ಲಾಸಿದೋ ಅದರ ಮುಂದೆ ಎರಡು ಕೈ ಅಗಲಿಸಿ ನಿಂತ. ಅದು ಹೊಸದು ಎಂದ.

“ಹೊಸದು ಯಾಕೆ, ಹಳೇದಿದೆಯಲ್ಲ,” ಎಂದು ಕುಸ್ತೋದಿಯೋ ತೊಟ್ಟಿಲಿನೊಳಗೆ ಕಾಲಿಟ್ಟ.

ನುಬಿಯಾ ಬೇಡ ಎನ್ನಲು ಹೊರಟು ಅವನ ಮುಖ ನೋಡಿದಳು. ಪಾನಾವನ್ನು ಅವಳೇ ಅವನ ಮಡಿಲಲ್ಲಿ ಇಟ್ಟಳು. ಫಾಬಿಯಾನ್‌ನ ಪಾನಾದಿಂದ ಎರಡು ಏಟು ಬಿದ್ದವು. ತೊಟ್ಟಿಲು ದಂಡೆ ಬಿಟ್ಟಿತು.

ಕುಸ್ತೋದಿಯೋ ಕಣ್ಣು ಮುಚ್ಚಿ, ಬರುವ ಪ್ರಾರ್ಥನೆಗಳನ್ನೆಲ್ಲ ಹೇಳಿದ, ಮುಗಿದ ಮೇಲೆ ನಾಯಿಗಳನ್ನು ಒಂದರಿಂದ ಒಂಬತ್ತರವರೆಗೆ ಎಣಿಸಿದ. ನಡುಹೊಳೆಗೆ ಬಂದಾಗ ತೊಟ್ಟಿಲು ತೂಗುವುದು ತಿಳಿಯಿತು. ತಮ್ಮ ಹೋದ ಜಾಗ ಇದೇ ಎಂದು ಕಣ್ಣು ತೆರೆದು ಕೆಳಗೆ ನೋಡಿದ. ನೀರು ಬಹಳ ಕೆಳಗೆ, ಬಹಳ ಚಿಕ್ಕದಾಗಿ, ತನ್ನ ಪಾಡಿಗೆ ಹೋಗುತ್ತಿತ್ತು. ತಲೆ ಸುತ್ತಲಿಲ್ಲ. ತಲೆ ಸುತ್ತುವ ಕಾಯಿಲೆ ತನಗೆ ಎಂದೂ ಇರಲಿಲ್ಲವೆಂದು ಅವನಿಗೆ ಗೊತ್ತೇ ಇತ್ತು.

ಬಲದಂಡೆಯಲ್ಲಿ ಜನರೆಲ್ಲ ದೂರ ನಿಂತಿದ್ದರು. ಗೂಟದ ಬಳಿ ಐವತ್ತು ದಾಟಿದ ಒಬ್ಬ ಹೆಂಗಸು ಮಾತ್ರ ಇದ್ದಳು, ಕೈಯೆಲ್ಲ ಗ್ರೀಸು. ತೊಟ್ಟಿಲು ಹಿಡಿದು ನಿಲ್ಲಿಸಿದವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಬರಿಗೈಲಿ ಬಂದ್ರಾ?”

“ಪಾನಾ ಇದೆ, ದೊನ್ಯಾ ಓತಿಲಿಯಾ.”

“ನನ್ನ ನಟ್ಟು ನೋಡಿ ಹಾಗಾದ್ರೆ. ಭಾರ ಬಿದ್ದ ಮೇಲೆ ಒಂದ್ಸಲ ಬಿಗೀಬೇಕಲ್ಲ.”

ಅವಳ ನಾಯಿಗಳು ನಾಲ್ಕೂ ಒಂದೇ ಕಡೆ ಮುಖ ಮಾಡಿ ಅಚ್ಚುಕಟ್ಟಾಗಿ ಕೂತಿದ್ದವು. ಕುಸ್ತೋದಿಯೋ ಮಂಡಿಯೂರಿ ಬಿಗಿಯತೊಡಗಿದ. ಒಂದೊಂದೂ ಅರ್ಧ ಸುತ್ತು ತಿರುಗುತ್ತಿತ್ತು. ಅವಳು ಪಕ್ಕದಲ್ಲೇ ಕಲ್ಲಿನ ಮೇಲೆ ಕೂತಳು.

“ನೀವು ಇವತ್ತು ಎಲ್ಲರ ಮುಂದೆ ನಿಜ ಹೇಳಿದ್ರಿ,” ಎಂದಳು. “ಇನ್ನೊಂದು ಕೇಳ್ತೀನಿ. ಆ ಭಾನುವಾರ ಬೆನೆದಿಕ್ತೋ ಕುಡಿದಿದ್ನಾ?”

ಪಾನಾ ನಟ್ಟಿನ ಮೇಲೆಯೇ ನಿಂತಿತು.

“ಒಂದು ತೊಟ್ಟೂ ಇಲ್ಲ. ಹಗ್ಗ ಕೊಳೆತಿತ್ತು. ಅಪ್ಪ ತುದೀನ ಒಲೆಗೆ ಹಾಕಿದ್ರು. ನಾನು ನೋಡ್ತಾ ಕೂತಿದ್ದೆ.”

ಓತಿಲಿಯಾ ಬಹಳ ಹೊತ್ತು ಕೈಯ ಗ್ರೀಸನ್ನು ಲಂಗಕ್ಕೆ ಒರೆಸುತ್ತ ಕೂತಳು.

“ಮೂವತ್ತೆರಡು ವರ್ಷ ಅವನ ಮೇಲೆ ಸಿಟ್ಟಿಟ್ಕೊಂಡಿದ್ದೆ,” ಎಂದಳು. “ಹೆಣ್ಣು ಕೇಳೋಕೆ ಬರೋನು ಬೆಳಿಗ್ಗೆ ಬೆಳಿಗ್ಗೆನೇ ಕುಡ್ಕೊಂಡು ಬಂದ ಅಂತ. ಅವನ ಮಣ್ಣಿಗೂ ಬರಲಿಲ್ಲ ನಾನು.”

ಕುಸ್ತೋದಿಯೋಗೆ ಅಳು ಬಂತು. ಅವನು ತಡೆಯಲಿಲ್ಲ, ಉಳಿದ ಮೂರು ನಟ್ಟುಗಳನ್ನು ಅಳುತ್ತಲೇ ಬಿಗಿದ. ಅವಳು ಅವನಿಗೆ ಸಮಾಧಾನ ಹೇಳಲಿಲ್ಲ. ಬಿಗಿದು ಮುಗಿದ ಮೇಲೆ ಅವನ ಕೈಯಿಂದ ಪಾನಾ ತೆಗೆದುಕೊಂಡು ಹಗ್ಗಕ್ಕೆ ಒಂದು ಏಟು ಹಾಕಿದಳು. ಎಲ್ಲ ಸರಿಯಾಗಿದೆ ಎಂದು. ಎಡದಂಡೆಯಿಂದ ಉತ್ತರ ಬರಲು ಸ್ವಲ್ಪ ತಡವಾಯಿತು, ನುಬಿಯಾಳ ಕೈಗೆ ಅದು ಹೊಸದು.

ಫ್ರೀಜರ್ ಒಂದು ಗೀರೂ ಬೀಳದೆ ದಾಟಿತು. ಅದು ತಣ್ಣಗಾಗಲು ಎಂಟು ಗಂಟೆ ಬೇಕೆಂದು ಯಾರೂ ಮೊದಲೇ ಹೇಳಿರಲಿಲ್ಲವಾದ್ದರಿಂದ ಬಲದಂಡೆಯವರು ಅಂದೂ ಬಿಸಿ ಬಿಯರನ್ನೇ ಕುಡಿದರು. ಕುಸ್ತೋದಿಯೋ ಯಾರಿಗೂ ಹೇಳದೆ ಸುತ್ತುದಾರಿ ಹಿಡಿದು ಮೂರು ಗಂಟೆ ನಡೆದು ಮನೆ ಸೇರಿದ.

ಮರುದಿನ ಭಾನುವಾರ ಬೆಳಿಗ್ಗೆ ಹಗ್ಗದಲ್ಲಿ ಎರಡು ಏಟು ಬಂದವು. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಗೂಟದ ಬಳಿಗೆ ಓಡಿದ. ತೊಟ್ಟಿಲಲ್ಲಿ ಓತಿಲಿಯಾ ಕೂತಿದ್ದಳು, ಕರಿಯ ಶಾಲು ಹೊದ್ದು, ಕಂಕುಳಲ್ಲಿ ಒಂದು ಕೋಳಿ ಹಿಡಿದು. ಇಳಿದವಳು ಕೋಳಿಯನ್ನು ಅವನ ಕೈಗೆ ಕೊಟ್ಟು, ಬೆನೆದಿಕ್ತೋನನ್ನು ಎಲ್ಲಿ ಮಲಗಿಸಿದ್ದೀರಿ ಎಂದು ಕೇಳಿದಳು. ಕೋಳಿಯನ್ನು ಹಿಡಿದುಕೊಂಡೇ ಅವನು ಮುಂದೆ ನಡೆದು ದಾರಿ ತೋರಿಸಿದ.